ಮಳೆ ಬಂದರೂ ಬೋರಿನ ನೈಟ್ರೇಟ್ ಯಾಕೆ ಇಳಿಯುವುದಿಲ್ಲ? ಉತ್ತರ ಕರಿಕಲ್ಲಿನ ತೂತುಗಳಲ್ಲಿದೆ

"ಈ ಸಲ ಮಳಿ ಚಲೋ ಆಗ್ಯಾದ್ರಿ, ಬೋರಿನ ನೀರೂ ಸ್ವಚ್ಛ ಆಗ್ತಾವ." ಮಳೆಗಾಲ ಮುಗಿಯುವ ಹೊತ್ತಿಗೆ ಬೀದರ್, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಈ ಮಾತು ಕೇಳಿಬರುತ್ತದೆ. ನೀರು ಜಾಸ್ತಿಯಾಗುತ್ತದೆ, ಅದು ನಿಜ. ಸ್ವಚ್ಛವಾಗುತ್ತದೆಯೇ? ಕೆಲವು ವಾರ ಹಾಗೆ ಕಾಣುತ್ತದೆ. ಬೇಸಿಗೆ ಬರುವಷ್ಟರಲ್ಲಿ ನೈಟ್ರೇಟ್ ಅಂಕಿ ಮತ್ತೆ ಹಳೆಯ ಜಾಗಕ್ಕೆ ಬಂದು ಕೂತಿರುತ್ತದೆ.

ಇದೇನು ಸಣ್ಣ ವಿಷಯವಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ನೀರಿನ ಗುಣಮಟ್ಟದ ವರದಿಯ ಪ್ರಕಾರ ದೇಶದಲ್ಲಿ ಪರೀಕ್ಷೆ ಮಾಡಿದ ಮಾದರಿಗಳಲ್ಲಿ ಸುಮಾರು ಶೇ 20ರಷ್ಟರಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ರಾಜಸ್ಥಾನ ಮತ್ತು ಕರ್ನಾಟಕದಲ್ಲಿ ಆ ಪಾಲು ಶೇ 40ಕ್ಕಿಂತ ಹೆಚ್ಚು. ಮಿತಿ ಅಂದರೆ ಲೀಟರಿಗೆ 45 ಮಿಲಿಗ್ರಾಂ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಹಸುಗೂಸುಗಳಿಗೆ ಕುಡಿಸಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾಗುವ ಅಪಾಯವಿದೆ. ನೀರು ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ಗಾಢವಾಗುತ್ತದೆ.

ನೈಟ್ರೇಟ್ ಎಲ್ಲಿಂದ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಯೂರಿಯಾ, ತಿಪ್ಪೆಗುಂಡಿ, ದನದ ಕೊಟ್ಟಿಗೆ, ಪಾಯಿಖಾನೆ ಗುಂಡಿ. ಆದ್ದರಿಂದ ಸಲಹೆಯೂ ಸರಳ: ಗೊಬ್ಬರ ಕಡಿಮೆ ಹಾಕಿ, ಗುಂಡಿ ದೂರ ಇಡಿ. ಸಲಹೆ ಸರಿಯಾಗಿದೆ. ಆದರೆ ಇದನ್ನು ಪಾಲಿಸಿದ ಊರಿನವರು ಎರಡು ವರ್ಷ ಬಿಟ್ಟು ನೀರು ಪರೀಕ್ಷೆ ಮಾಡಿಸಿ, ಅಂಕಿ ಇಳಿಯದ್ದು ನೋಡಿ, "ಏನೂ ಉಪಯೋಗ ಇಲ್ಲ ಬಿಡ್ರಿ" ಅಂತ ಕೈಬಿಟ್ಟರೆ ಅದು ಅವರ ತಪ್ಪಲ್ಲ. ನೆಲದ ಕೆಳಗಿನ ಕಲ್ಲು ಎಷ್ಟು ವರ್ಷ ಲೆಕ್ಕ ಇಟ್ಟುಕೊಳ್ಳುತ್ತದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಈ ಬರಹ ಆ ಲೆಕ್ಕದ ಬಗ್ಗೆ.

ನಮ್ಮ ಕಾಲ ಕೆಳಗಿನ ಕಲ್ಲು

ಯಾದಗಿರಿ ಕಡೆ ಹೋದರೆ ಹೆಚ್ಚಾಗಿ ಗ್ರಾನೈಟ್ ಗುಡ್ಡ. ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತ ಸುಣ್ಣದ ಕಲ್ಲು. ಆಳಂದ, ಅಫಜಲಪುರ, ಬಸವಕಲ್ಯಾಣ, ಭಾಲ್ಕಿ, ಔರಾದ್ ಕಡೆ ಬಂದರೆ ಎರೆಮಣ್ಣಿನ ಅಡಿಯಲ್ಲಿ ಕರಿಕಲ್ಲು, ಅಂದರೆ ಬಸಾಲ್ಟ್. ಇದು ದಖ್ಖನ್ ಟ್ರ್ಯಾಪ್‌ನ ತೆಳುವಾದ ಪೂರ್ವದ ಅಂಚು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ ಪದರ ಪದರವಾಗಿ ಹರಿದು ತಣ್ಣಗಾಗಿ ಆದದ್ದು. ಪಶ್ಚಿಮ ಘಟ್ಟದ ಕಡೆ ಈ ಪದರಗಳ ರಾಶಿ ಒಂದು ಕಿಲೋಮೀಟರಿಗೂ ದಪ್ಪ. ನಮ್ಮ ಕಡೆ ಬರುತ್ತ ಬರುತ್ತ ತೆಳುವಾಗಿ, ಕೊನೆಗೆ ಕೆಳಗಿನ ಸುಣ್ಣದ ಕಲ್ಲು ಮುಖ ತೋರಿಸುತ್ತದೆ.

ಒಂದೊಂದು ಲಾವಾ ಪದರಕ್ಕೂ ತನ್ನದೇ ಒಳರಚನೆ ಇದೆ. ಲಾವಾದಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗಿ ಮೇಲೆ ಏರುತ್ತದೆ. ಮೇಲ್ಮೈ ಆಗಲೇ ಗಟ್ಟಿಯಾಗಿರುವುದರಿಂದ ಗುಳ್ಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪದರದ ಮೇಲ್ಭಾಗದಲ್ಲಿ ತೂತು ತೂತು. ನಡುಭಾಗ ನಿಧಾನವಾಗಿ ತಣ್ಣಗಾದದ್ದು, ಅದು ಗಟ್ಟಿ. ತಣ್ಣಗಾಗುವಾಗ ಕುಗ್ಗಿದ್ದರಿಂದ ಅದರಲ್ಲಿ ಬಿರುಕುಗಳು ಬಿದ್ದಿರುತ್ತವೆ. ತೀರಾ ಕೆಳಗೆ ಮತ್ತೆ ಸ್ವಲ್ಪ ತೂತು. ಕೆಲವು ಕಡೆ ಅಲ್ಲಿ ಬೆರಳುದ್ದದ ಸಣ್ಣ ಕೊಳವೆಗಳೂ ಸಿಗುತ್ತವೆ. ಎರಡು ಪದರಗಳ ನಡುವೆ ಅಲ್ಲಲ್ಲಿ ಕೆಂಪು ಜೇಡಿಯ ಪಟ್ಟಿ ಇರುತ್ತದೆ. ಒಂದು ಲಾವಾ ಹರಿದ ಮೇಲೆ ಇನ್ನೊಂದು ಬರುವವರೆಗೆ ಗಾಳಿ ಮಳೆಗೆ ಬಿದ್ದು ಕೊಳೆತ ಮೇಲ್ಮೈ ಅದು, ಆಮೇಲೆ ಹೊಸ ಲಾವಾದ ಬಿಸಿಗೆ ಬೆಂದದ್ದು. ನೀರು ಈ ಪಟ್ಟಿಯನ್ನು ಸುಲಭಕ್ಕೆ ದಾಟುವುದಿಲ್ಲ.

ಎರಡು ಕಲ್ಲು, ಒಂದು ಹನಿ ನೀರು

ತೆರೆದ ಬಾವಿ ತೋಡಿದ ಕಡೆ ದಂಡೆಯ ಮೇಲೆ ಕಲ್ಲಿನ ರಾಶಿ ಬಿದ್ದಿರುತ್ತದಲ್ಲ, ಅಲ್ಲಿಂದ ಎರಡು ಕಲ್ಲು ಎತ್ತಿಕೊಳ್ಳಿ. ಒಂದು ಕಪ್ಪಗಿದ್ದು ಮೈತುಂಬ ಗುಂಡು ತೂತು ಇರುವುದು. ಇನ್ನೊಂದು ಕಂದು ಬಣ್ಣದ್ದು, ಮೊರಂ ಆಗುವ ದಾರಿಯಲ್ಲಿರುವುದು, ಕಣ್ಣಿಗೆ ಒಂದೂ ತೂತು ಕಾಣದ್ದು. ಎರಡನ್ನೂ ಬಿಸಿಲಿಗೆ ಒಣಗಿಸಿ, ಮೇಲೆ ಒಂದೊಂದು ಹನಿ ನೀರು ಬಿಡಿ.

ಕರಿಕಲ್ಲಿನ ತೂತಿಗೆ ಬಿದ್ದ ಹನಿ ಅಲ್ಲೇ ನಿಲ್ಲುತ್ತದೆ. ಬಿಸಿಲಿಗೆ ಆರಿಹೋಗುವವರೆಗೂ ನಿಲ್ಲುತ್ತದೆ. ಕಂದು ಕಲ್ಲಿನ ಮೇಲೆ ಬಿದ್ದ ಹನಿ ನೋಡುನೋಡುತ್ತಲೇ ಒಳಗೆ ಹೋಗಿ ಒಂದು ಕಪ್ಪು ಮಚ್ಚೆ ಉಳಿಯುತ್ತದೆ. ಕಣ್ಣಿಗೆ ತೂತು ಕಾಣುವ ಕಲ್ಲು ನೀರು ಕುಡಿಯಲಿಲ್ಲ, ಕಾಣದ ಕಲ್ಲು ಕುಡಿಯಿತು.

ಕಾರಣ ಇಷ್ಟೇ. ಗುಳ್ಳೆಯಿಂದಾದ ತೂತು ಒಂದು ಬಿಡಿ ಗೋಲ. ಪಕ್ಕದ ತೂತಿಗೂ ಅದಕ್ಕೂ ನಡುವೆ ಗಟ್ಟಿ ಗೋಡೆ. ಮೊರಂ ಆಗುತ್ತಿರುವ ಕಲ್ಲಿನಲ್ಲಿ ಖನಿಜಗಳು ಕೊಳೆತು ಜೇಡಿಯಾಗಿವೆ. ಆ ಜೇಡಿಯ ಕಣಗಳ ನಡುವೆ ಸೂಕ್ಷ್ಮ ಸಂದುಗಳಿವೆ. ಅವು ಒಂದಕ್ಕೊಂದು ಕೂಡಿಕೊಂಡಿವೆ.

ಇನ್ನೊಂದು ವಿಷಯವನ್ನೂ ರಾಶಿಯಲ್ಲಿ ನೋಡಬಹುದು. ಎಷ್ಟೋ ತೂತುಗಳು ಖಾಲಿ ಇರುವುದಿಲ್ಲ. ಒಳಗೆ ಬಿಳಿ ಹರಳು ಕೂತಿರುತ್ತದೆ. ಜಿಯೋಲೈಟ್, ಕ್ಯಾಲ್ಸೈಟ್, ಕೆಲವು ಸಲ ಅಗೇಟ್. ನೇಗಿಲು ಹೊಡೆದಾಗ ಹೊಲದಲ್ಲಿ ಹೊಳೆಯುವ ಕಲ್ಲು ಸಿಗುತ್ತವಲ್ಲ, ಅವುಗಳಲ್ಲಿ ಬಹಳಷ್ಟು ಇಲ್ಲಿಂದ ಉದುರಿದ್ದು. ಲಾವಾ ತಣ್ಣಗಾದ ಎಷ್ಟೋ ಕಾಲದ ಮೇಲೆ ಖನಿಜ ಕರಗಿದ ನೀರು ಆ ತೂತಿಗೆ ಹೇಗೋ ತಲುಪಿದೆ ಅಂತ ಅದರ ಅರ್ಥ. ಅಂದರೆ ಬಿಡಿ ಗೋಲಕ್ಕೂ ಎಲ್ಲೋ ಕೂದಲೆಳೆಯ ದಾರಿ ಇತ್ತು. ಆಮೇಲೆ ಅದೇ ಹರಳು ಬೆಳೆದು ಆ ದಾರಿಯನ್ನೂ ಮುಚ್ಚಿದೆ.

ಲೆಕ್ಕ ಬೇಕಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ಉದಾಹರಣೆಗೆ ಒಣಗಿದ ಕಲ್ಲು 1,000 ಗ್ರಾಂ ತೂಗಿತು, ಅದರ ಗಾತ್ರ 400 ಮಿಲಿಲೀಟರ್ ಅಂತಿಟ್ಟುಕೊಳ್ಳಿ. ತೂತೇ ಇಲ್ಲದ ಬಸಾಲ್ಟ್ ಆಗಿದ್ದರೆ ಅಷ್ಟು ಗಾತ್ರಕ್ಕೆ ಸುಮಾರು 1,180 ಗ್ರಾಂ ಇರಬೇಕಿತ್ತು. ಹಾಗಾದರೆ ಕಲ್ಲಿನ ಶೇ 15ರಷ್ಟು ಜಾಗ ಖಾಲಿ. ಈಗ ಅದನ್ನು ಚೆನ್ನಾಗಿ ನೆನೆಸಿ ಮತ್ತೆ ತೂಗಿ. 20 ಗ್ರಾಂ ಜಾಸ್ತಿ ಬಂತೆಂದರೆ ಒಳಗೆ ಹೋದ ನೀರು 20 ಮಿಲಿಲೀಟರ್, ಅಂದರೆ ಶೇ 5. ಉಳಿದ ಶೇ 10 ಹೊರಗಿನವರಿಗೆ ಬಾಗಿಲೇ ತೆರೆಯದ ತೂತುಗಳು. (ಈ ಲೆಕ್ಕಕ್ಕೆ ಬಿಳಿ ಹರಳು ತುಂಬಿದ ಕಲ್ಲು ಆರಿಸಬೇಡಿ. ಜಿಯೋಲೈಟ್ ಬಸಾಲ್ಟ್‌ಗಿಂತ ಹಗುರ, ಲೆಕ್ಕ ತಪ್ಪುತ್ತದೆ.)

ಹರಿಯುವುದು ಬೇರೆ, ಹಬ್ಬುವುದು ಬೇರೆ

ನೀರಿನಲ್ಲಿ ಕರಗಿದ ವಸ್ತು ಎರಡು ರೀತಿ ಚಲಿಸುತ್ತದೆ. ನೀರು ಹರಿದರೆ ಅದರ ಜೊತೆಗೆ ಹೋಗುತ್ತದೆ. ನೀರು ನಿಂತೇ ಇದ್ದರೂ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನೇ ಹಬ್ಬುತ್ತದೆ. ಎರಡನೆಯದು ವಿಸರಣೆ, ಡಿಫ್ಯೂಷನ್. ಇದರ ನಿಯಮವನ್ನು 1855ರಲ್ಲಿ ಅಡಾಲ್ಫ್ ಫಿಕ್ ಎಂಬ ಜರ್ಮನ್ ವೈದ್ಯ ವಿಜ್ಞಾನಿ ಬರೆದಿಟ್ಟ.

ಬಿರುಕಿನಲ್ಲಿ ನೀರು ಹರಿಯುತ್ತದೆ. ಇಲ್ಲಿ ಬಿರುಕಿನ ಅಗಲಕ್ಕೆ ಭಾರೀ ಬೆಲೆ. ಅಗಲ ಹತ್ತು ಪಟ್ಟಾದರೆ ಹರಿವು ಸಾವಿರ ಪಟ್ಟು. ಒಂದು ಮಿಲಿಮೀಟರ್ ಅಗಲದ ಒಂದೇ ಬಿರುಕು ಸಾಗಿಸುವಷ್ಟು ನೀರಿಗೆ 0.1 ಮಿಲಿಮೀಟರ್ ಅಗಲದ ಸಾವಿರ ಬಿರುಕು ಬೇಕು. ನಿಮ್ಮ ಬೋರಿಗೆ ಮೂರು ಇಂಚು ನೀರು ಬಿತ್ತು, ಪಕ್ಕದ ಹೊಲದವರದು ಒಣಗಿತು ಅನ್ನುವುದರ ಹಿಂದೆ ಇರುವುದು ಇಂಥದ್ದೇ ಒಂದೆರಡು ಬಿರುಕು. ಜ್ಯೋತಿಷ್ಯವೂ ಅಲ್ಲ, ತೆಂಗಿನಕಾಯಿಯೂ ಅಲ್ಲ.

ವಿಸರಣೆಗೆ ಈ ಅಗಲದ ಹಂಗು ಅಷ್ಟಿಲ್ಲ. ಅಣುವಿಗಿಂತ ಸಂದು ಚೆನ್ನಾಗಿ ದೊಡ್ಡದಿದ್ದರೆ ಸಾಕು, ಅದು ಹೊಕ್ಕುತ್ತದೆ. ನೀರು ಹರಿಯಲಾರದ ಜೇಡಿಯ ಸಂದಿಯಲ್ಲೂ ನೈಟ್ರೇಟ್ ಹಬ್ಬುತ್ತದೆ. ಅದಕ್ಕೆ ಬೇಕಾದದ್ದು ಸಮಯ ಮಾತ್ರ. ಎಷ್ಟು ಸಮಯ ಅನ್ನುವುದನ್ನು ತೀರ್ಮಾನಿಸುವುದು ತೂತುಗಳ ರಚನೆ.

ಹಳೇ ವಾಡೆಯೊಂದನ್ನು ನೆನೆಸಿಕೊಳ್ಳಿ. ಅಂಗಳ ದೊಡ್ಡದು, ಪಡಸಾಲೆ ದೊಡ್ಡದು. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ತಲೆ ಬಗ್ಗಿಸಿ ದಾಟುವ ಬಾಗಿಲು. ಕೆಲವು ಕೋಣೆಗೆ ಹಿಂದಿನ ಬಾಗಿಲೇ ಇಲ್ಲ. ಮದುವೆ ಊಟ ಮುಗಿದು ಐನೂರು ಜನ ಹೊರಡುವಾಗ ಎಷ್ಟು ಹೊತ್ತಾಗುತ್ತದೆ ಅನ್ನುವುದು ಪಡಸಾಲೆಯ ಅಳತೆಯ ಮೇಲಲ್ಲ, ಬಾಗಿಲ ಅಗಲ, ಬಾಗಿಲುಗಳ ಸಂಖ್ಯೆ ಮತ್ತು ಸುತ್ತಿ ಹೋಗಬೇಕಾದ ದಾರಿಯ ಮೇಲೆ. ಕಲ್ಲಿನಲ್ಲೂ ಇವೇ ಮೂರು. ಎರಡು ತೂತುಗಳ ನಡುವಿನ ಕುತ್ತಿಗೆ ಎಷ್ಟು ಕಿರಿದು, ಎಷ್ಟು ತೂತುಗಳು ಒಂದಕ್ಕೊಂದು ಕೂಡಿವೆ, ದಾರಿ ಎಷ್ಟು ವಕ್ರ. ತೂತು ಮಿಲಿಮೀಟರ್ ಲೆಕ್ಕದಲ್ಲಿದ್ದರೂ ಕುತ್ತಿಗೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟಿರಬಹುದು. ಶೇ 20 ತೂತಿರುವ ಕಲ್ಲಿಗಿಂತ ಶೇ 8 ಇರುವ ಕಲ್ಲಿನಲ್ಲಿ ವಿಸರಣೆ ಜೋರಾಗಿರುವುದು ಹೀಗೆ. ಒಟ್ಟು ತೂತು ಎಷ್ಟು ಅನ್ನುವ ಅಂಕಿಯೊಂದನ್ನೇ ಹಿಡಿದು ಮಾತಾಡುವ ವರದಿ ನೋಡಿದರೆ ನನಗಂತೂ ಅರ್ಧ ಓದಿ ಇಟ್ಟುಬಿಡೋಣ ಅನ್ನಿಸುತ್ತದೆ.

ಒಂದು ಅಂಗುಲಕ್ಕೆ ತಿಂಗಳುಗಳು, ಒಂದು ಮೀಟರಿಗೆ ಶತಮಾನಗಳು

ಈಗ ಕಾಲದ ಲೆಕ್ಕ. ನಿಂತ ನೀರಿನಲ್ಲಿ ನೈಟ್ರೇಟ್ ಒಂದು ಸೆಂಟಿಮೀಟರ್ ಹಬ್ಬಲು ಸುಮಾರು ಏಳು ತಾಸು ಬೇಕು. ಇಲ್ಲಿ ವಿಚಿತ್ರ ಏನೆಂದರೆ, ದೂರ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟಾಗುತ್ತದೆ. ಹತ್ತು ಪಟ್ಟಾದರೆ ನೂರು ಪಟ್ಟು. ಹಾಗಾಗಿ ಹತ್ತು ಸೆಂಟಿಮೀಟರಿಗೆ ಒಂದು ತಿಂಗಳು. ಒಂದು ಮೀಟರಿಗೆ ಎಂಟು ವರ್ಷ. ಇದು ಬರೀ ನೀರಿನಲ್ಲಿ, ಕಲ್ಲಿನ ಮಾತೇ ಬಂದಿಲ್ಲ.

ಕಲ್ಲಿನೊಳಗೆ ಕುತ್ತಿಗೆ ಕಿರಿದು, ದಾರಿ ಸುತ್ತು. ವೇಗ ನೂರು ಪಟ್ಟು ಕಡಿಮೆ ಅಂತಿಟ್ಟುಕೊಳ್ಳೋಣ. ಗಟ್ಟಿ ಬಸಾಲ್ಟ್‌ಗೆ ಇದು ಉದಾರವಾದ ಲೆಕ್ಕವೇ. ಆಗ ಒಂದು ಸೆಂಟಿಮೀಟರಿಗೆ ಒಂದು ತಿಂಗಳು. ಹತ್ತು ಸೆಂಟಿಮೀಟರಿಗೆ ಎಂಟು ವರ್ಷ. ಒಂದು ಮೀಟರಿಗೆ ಎಂಟುನೂರು ವರ್ಷ. ಬಹಮನಿ ಸುಲ್ತಾನರು ಕಲಬುರಗಿಯಲ್ಲಿ ಗದ್ದುಗೆ ಏರುವ ಮೊದಲೇ ಹೊರಟಿದ್ದ ಉಪ್ಪಿನ ಕಣ ಈಗ ಒಂದು ಮೀಟರ್ ದಾಟುತ್ತಿರಬಹುದು.

ರಸಗೊಬ್ಬರ ನಮ್ಮ ಹೊಲಗಳಿಗೆ ಬಂದು ಐದಾರು ದಶಕ ಆಗಿದೆ. ಅಷ್ಟರಲ್ಲಿ ನೈಟ್ರೇಟ್ ಬಿರುಕಿನ ಎರಡೂ ಬದಿಯ ಗೋಡೆಯಲ್ಲಿ ಸುಮಾರು ಕಾಲು ಮೀಟರ್ ಒಳಗೆ ಹೋಗಿರಬಹುದು. ಮೆತ್ತಗಿನ ಕಲ್ಲಿನಲ್ಲಿ ಇನ್ನೂ ಜಾಸ್ತಿ, ಗಟ್ಟಿ ಕಲ್ಲಿನಲ್ಲಿ ಕೆಲವೇ ಸೆಂಟಿಮೀಟರ್. ಕೇಳಲು ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಆ ಗೋಡೆಯೊಳಗೆ ಎಷ್ಟು ನೀರಿದೆ ನೋಡಿ. ಒಂದು ಘನ ಮೀಟರ್ ಕಲ್ಲಿನಲ್ಲಿ ಕೂಡಿಕೊಂಡ ಸಣ್ಣ ತೂತುಗಳು ಶೇ 10 ಇದ್ದರೆ ಅಲ್ಲಿ 100 ಲೀಟರ್ ನೀರು. ಬಿರುಕುಗಳು ಶೇ 0.1 ಇದ್ದರೆ ಅಲ್ಲಿ ಒಂದೇ ಲೀಟರ್. ನಾವು ಪಂಪ್ ಹಾಕಿ ಎತ್ತುವುದು ಹೆಚ್ಚಾಗಿ ಆ ಒಂದು ಲೀಟರನ್ನು, ಅದು ತುಂಬಿಕೊಂಡಂತೆಲ್ಲ. ಅಂತರ್ಜಲ ಲೆಕ್ಕ ಹಾಕುವವರು ಬಿರುಕು, ತೂತು ಇರುವ ಬಸಾಲ್ಟ್‌ನಿಂದ ಸೋಸಿ ಕೈಗೆ ಬರುವ ನೀರು ಶೇ 1ರಿಂದ 3 ಮಾತ್ರ ಅಂತ ಹಿಡಿಯುವುದೂ ಇದಕ್ಕೇ. ಉಳಿದದ್ದು ಕಲ್ಲಿಗೆ ಅಂಟಿಕೊಂಡೇ ಇರುತ್ತದೆ.

ಮಳೆ ಬಂದಾಗ ಏನಾಗುತ್ತದೆ ಅಂತ ಈಗ ನೋಡಿ. ಹೊಸ ನೀರು ಬಿರುಕಿಗೆ ಇಳಿದು ಹಳೆಯದನ್ನು ತಳ್ಳುತ್ತದೆ. ಬೋರಿನ ಅಂಕಿ ಇಳಿಯುತ್ತದೆ. ಈಗ ಬಿರುಕಿನಲ್ಲಿ ನೈಟ್ರೇಟ್ ಕಡಿಮೆ, ಗೋಡೆಯೊಳಗೆ ಜಾಸ್ತಿ. ಫಿಕ್ ಹೇಳಿದ್ದೇ ನಡೆಯುತ್ತದೆ: ಗೋಡೆಯಿಂದ ಬಿರುಕಿಗೆ ಅದು ವಾಪಸು ಹಬ್ಬುತ್ತದೆ. ಚಳಿಗಾಲ, ಬೇಸಿಗೆಯಲ್ಲಿ ಹೊಸ ನೀರು ಬರುವುದು ನಿಂತಾಗ ಅಂಕಿ ಮತ್ತೆ ಏರುತ್ತದೆ. ಮೇಲಿನಿಂದ ಒಂದು ಹಿಡಿ ಯೂರಿಯಾ ಹೊಸದಾಗಿ ಬೀಳದಿದ್ದರೂ ಏರುತ್ತದೆ.

ಕೆಲವು ಬೋರುಗಳಲ್ಲಿ ಇದು ತಲೆಕೆಳಗಾಗಿ ಕಾಣುತ್ತದೆ, ಮೊದಲ ಮಳೆಗೇ ಅಂಕಿ ಏರುತ್ತದೆ. ಅಲ್ಲಿ ಮಣ್ಣು, ಮೊರಂನಲ್ಲಿ ಬೇಸಿಗೆ ಇಡೀ ಕೂತಿದ್ದ ನೈಟ್ರೇಟನ್ನು ಮಳೆ ತೊಳೆದು ಕೆಳಗೆ ತಂದಿರುತ್ತದೆ. ಎರಡೂ ನಡೆಯುವ ಸಂಗತಿಗಳೇ.

ಒಳಗೆ ಹೋಗಲು ಮೂವತ್ತು ವರ್ಷ ಆಯಿತು, ಹಾಗಾದರೆ ಹೊರಗೆ ಬರಲೂ ಮೂವತ್ತು ವರ್ಷ ಸಾಕು ಅಂತ ಕೇಳಬಹುದು. ಸಾಲದು. ಬಿರುಕಿನ ನೀರು ಸ್ವಚ್ಛವಾದ ದಿನ ಗೋಡೆಯೊಳಗಿನ ನೈಟ್ರೇಟ್ ಎಲ್ಲವೂ ಬಾಗಿಲ ಕಡೆ ತಿರುಗುವುದಿಲ್ಲ. ಇನ್ನೂ ಒಳಗೆ, ಕಡಿಮೆ ಇರುವ ಕಡೆಗೂ ಒಂದು ಪಾಲು ಹೋಗುತ್ತಲೇ ಇರುತ್ತದೆ. ಹೊರಗೆ ಬರುವ ಪಾಲಿನ ವೇಗ ಮೊದಲಲ್ಲಿ ಜೋರಾಗಿದ್ದು ಆಮೇಲೆ ತೀರಾ ಮಂದವಾಗುತ್ತದೆ. ಅಂಕಿಯ ನಕ್ಷೆ ಬರೆದರೆ ಉದ್ದನೆಯ ಬಾಲ ಕಾಣುತ್ತದೆ.

ಇದು ನಮ್ಮ ಕಡೆಯ ಕಲ್ಲಿಗೆ ಮಾತ್ರ ಬಂದ ರೋಗವೇನಲ್ಲ. 1960ರ ದಶಕದ ಆರಂಭದಲ್ಲಿ ಅಣುಬಾಂಬ್ ಪರೀಕ್ಷೆಗಳಿಂದ ಮಳೆನೀರಿನಲ್ಲಿ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್, ಹೆಚ್ಚಾಗಿತ್ತು. ಇಂಗ್ಲೆಂಡಿನ ಸೀಮೆಸುಣ್ಣದ ಬಂಡೆಯಲ್ಲಿ ನೀರು ಬಿರುಕುಗಳಲ್ಲಿ ಬೇಗ ಇಳಿಯುತ್ತದೆ, ಹಾಗಾಗಿ ಟ್ರಿಟಿಯಂ ಕೂಡ ಬೇಗ ಇಳಿಯಬೇಕಿತ್ತು. ಇಳಿದಿರಲಿಲ್ಲ. ಅದು ಬಿರುಕಿನಿಂದ ಬಂಡೆಯ ಸಣ್ಣ ತೂತುಗಳಿಗೆ ಹಬ್ಬಿ ಅಲ್ಲೇ ತಡೆದಿದೆ ಎಂಬ ವಿವರಣೆಯನ್ನು 1975ರಲ್ಲಿ ಸ್ಟೀಫನ್ ಫಾಸ್ಟರ್ ಮುಂದಿಟ್ಟರು. ಐದು ವರ್ಷದ ಮೇಲೆ ಸ್ವೀಡನ್ನಿನ ಐವರ್ಸ್ ನೆರೆಟ್ನಿಯೆಕ್ಸ್ ಇದೇ ವಿಚಾರವನ್ನು ಅಣುತ್ಯಾಜ್ಯಕ್ಕೆ ಹಚ್ಚಿದರು. ಗ್ರಾನೈಟಿನ ಬಿರುಕಿನಲ್ಲಿ ವಿಕಿರಣದ ವಸ್ತು ಸೋರಿದರೂ ಬಂಡೆಯ ಗೋಡೆ ಅದನ್ನು ಹೀರಿಕೊಂಡು ತಡಮಾಡುತ್ತದೆ ಅಂತ. ಅಲ್ಲಿ ಅದು ರಕ್ಷಣೆ. ನಮ್ಮ ಕುಡಿಯುವ ನೀರಿಗೆ ಬಂದಾಗ ಅದೇ ಭೌತಶಾಸ್ತ್ರ ತಲೆನೋವು.

ಕ್ರಿಮಿಯೂ ಹೊಕ್ಕದ ಜಾಗ

ನೈಟ್ರೇಟ್ ತಾನಾಗಿ ಕರಗಿಹೋಗುವ ದಾರಿಯೂ ಒಂದಿದೆ. ಆಮ್ಲಜನಕ ಇಲ್ಲದ ಕಡೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಸಾರಜನಕ ಅನಿಲವಾಗಿ ಮಾಡಿ ಗಾಳಿಗೆ ಬಿಡುತ್ತವೆ. ಅವಕ್ಕೆ ತಿನ್ನಲು ಇಂಗಾಲ ಬೇಕು, ಇರಲು ಜಾಗ ಬೇಕು. ಒಂದು ಬ್ಯಾಕ್ಟೀರಿಯಾದ ಅಳತೆ ಹೆಚ್ಚುಕಡಿಮೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಕುತ್ತಿಗೆ ಅದಕ್ಕಿಂತ ಕಿರಿದಾದರೆ ನೈಟ್ರೇಟ್ ಒಳಗೆ, ಬ್ಯಾಕ್ಟೀರಿಯಾ ಹೊರಗೆ. ಸಣ್ಣ ತೂತು ನೈಟ್ರೇಟಿಗೆ ಹೀಗೂ ಆಸರೆ ಕೊಡುತ್ತದೆ.

ಜೇಡಿಯ ಸ್ವಭಾವವನ್ನೂ ಗಮನಿಸಬೇಕು. ಎರೆಮಣ್ಣಿನಲ್ಲಿ, ಕೊಳೆತ ಬಸಾಲ್ಟ್‌ನಲ್ಲಿ ಇರುವ ಜೇಡಿಯ ಮೇಲ್ಮೈಗೆ ಋಣ ವಿದ್ಯುತ್ ಅಂಶ ಇರುತ್ತದೆ. ನೈಟ್ರೇಟ್, ಕ್ಲೋರೈಡ್ ಕೂಡ ಋಣ. ಹಾಗಾಗಿ ಜೇಡಿ ಅವನ್ನು ಹಿಡಿದಿಡುವುದಿಲ್ಲ, ದೂಡುತ್ತದೆ. ಕ್ಯಾಲ್ಸಿಯಂ, ಸೀಸದಂಥ ಧನ ಅಂಶಗಳನ್ನು ಮಾತ್ರ ಹಿಡಿಯುತ್ತದೆ. ಬೀದರಿನ ಕೆಂಪುಕಲ್ಲಿನಲ್ಲಿ ಲೆಕ್ಕ ಬೇರೆ. ಅಲ್ಲಿ ಕಬ್ಬಿಣದ ಆಕ್ಸೈಡ್ ಜಾಸ್ತಿ, ಅದು ಫಾಸ್ಫೇಟ್, ಫ್ಲೋರೈಡ್‌ಗಳನ್ನು ಒಂದಷ್ಟು ಹಿಡಿಯುತ್ತದೆ. ನೈಟ್ರೇಟಿನ ಮೇಲೆ ಅದರ ಹಿಡಿತ ಸಡಿಲ.

ಬೀದರಿನ ಕೆಂಪುಕಲ್ಲು ಬೇರೆ ಜಾತಿ

ಬೀದರ್ ಪಟ್ಟಣ ಕೂತಿರುವುದು ಕೆಂಪುಕಲ್ಲಿನ ಮೇಲೆ. ಇದೂ ಮೂಲದಲ್ಲಿ ಬಸಾಲ್ಟೇ. ಲಕ್ಷಾಂತರ ವರ್ಷ ಬಿಸಿಲು ಮಳೆಗೆ ಕೊಳೆತು, ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಆದದ್ದು. ಆದರೆ ತೂತುಗಳ ರಚನೆ ಪೂರ್ತಿ ಬದಲಾಗಿದೆ. ಕೋಟೆಯ ಕಂದಕದ ಗೋಡೆಯನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಆ ಕಂದಕ ಕಟ್ಟಿದ್ದಲ್ಲ, ಕೆಂಪುಕಲ್ಲಿನಲ್ಲೇ ಕೊರೆದದ್ದು. ಗೋಡೆಯ ತುಂಬ ಹುಳ ಕೊರೆದಂಥ ಕೊಳವೆಗಳು, ಬೆರಳು ತೂರುವಷ್ಟು. ಬಸಾಲ್ಟಿನ ಗುಂಡು ತೂತಿನ ಹಾಗೆ ಬಿಡಿ ಅಲ್ಲ, ಒಂದರೊಳಗೊಂದು ಸೇರಿಕೊಂಡಿವೆ.

ಇಲ್ಲಿ ನೀರು ಹಬ್ಬುತ್ತಾ ಕೂರುವುದಿಲ್ಲ, ಇಳಿದುಹೋಗುತ್ತದೆ. ಕೆಳಗಿನ ಜೇಡಿ ಮತ್ತು ಬಸಾಲ್ಟ್ ತಡೆದಾಗ ಅಡ್ಡಲಾಗಿ ಹರಿದು ಇಳಿಜಾರಿನಲ್ಲಿ ಒಸರುತ್ತದೆ. ಬೀದರಿನ ಗುರುದ್ವಾರ ನಾನಕ್ ಝಿರಾದ ಒರತೆ ಕೆಂಪುಕಲ್ಲಿನಿಂದ ಬರುವುದು ಹೀಗೆ. ಹದಿನೈದನೇ ಶತಮಾನದ ಸುರಂಗ ಬಾವಿ, ಅಂದರೆ ನೌಬಾದ್ ಕಡೆಯ ಕಾರೇಜ್, ಇದೇ ಗಡಿಯ ಲಾಭ ಪಡೆದದ್ದು. ಕೆಂಪುಕಲ್ಲಿನಲ್ಲಿ ಇಂಗಿದ ನೀರನ್ನು ನೆಲದಡಿಯ ಕಾಲುವೆಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿಸಿದರು, ಮೇಲಿನಿಂದ ಗಾಳಿ ಬೆಳಕಿಗೆ ಅಲ್ಲಲ್ಲಿ ಬಾವಿಯಂಥ ಕಿಂಡಿ ಬಿಟ್ಟರು. ಕೆಂಪುಕಲ್ಲು ಎಲ್ಲಿ ಮುಗಿಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ಆ ಕೆಲಸಗಾರರಿಗೆ ನಮ್ಮ ಎಷ್ಟೋ ಯೋಜನಾ ವರದಿಗಳಿಗಿಂತ ಚೆನ್ನಾಗಿ ತಿಳಿದಿತ್ತು ಅಂತ ನನಗನ್ನಿಸುತ್ತದೆ.

ಇದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ದೊಡ್ಡ ಕೊಳವೆಗಳಲ್ಲಿ ಪಾಯಿಖಾನೆ ಗುಂಡಿಯ ನೀರು ಸೋಸದೆ ಬೇಗ ಒರತೆಗೆ ತಲುಪಬಹುದು, ಕ್ರಿಮಿಗಳ ಸಮೇತ. ಕೆಂಪುಕಲ್ಲಿನ ಮೇಲೆ ಮನೆ ಕಟ್ಟುವವರು ತಳ ಕಟ್ಟದ ಗುಂಡಿ ತೋಡಿ "ನೀರು ನಿಲ್ಲೋದೇ ಇಲ್ಲ, ಚಲೋ ಇಂಗ್ತದ" ಅಂತ ಖುಷಿಪಟ್ಟರೆ ಆ ನೀರು ಎಲ್ಲಿಗೆ ಹೋಯಿತು ಅಂತಲೂ ಕೇಳಬೇಕು. ಆದರೆ ಮೂಲ ನಿಲ್ಲಿಸಿದರೆ ಇಲ್ಲಿ ಫಲ ಬೇಗ ಕಾಣುತ್ತದೆ. ಕೊಳವೆಗಳು ಕೆಲವು ಮಳೆಗಾಲದಲ್ಲಿ ತೊಳೆದುಹೋಗುತ್ತವೆ. ಅಡಿಯ ಬಿಳಿಜೇಡಿಯೊಳಗೆ ಹೊಕ್ಕದ್ದು ಮಾತ್ರ ಹಿಂದೆ ಹೇಳಿದ ಹಾಗೆ ಬಾಲ ಎಳೆಯುತ್ತದೆ. ಹಾಗಾಗಿ ಬೀದರ್ ಪಟ್ಟಣದ ಒರತೆಗೂ ಭಾಲ್ಕಿ ಹೊಲದ ಬೋರಿಗೂ ಒಂದೇ ಗಡುವು ಹಾಕುವ ಯೋಜನೆ ಎರಡರಲ್ಲಿ ಒಂದು ಕಡೆ ತಪ್ಪುವುದು ಖಾತ್ರಿ.

ಇತ್ತೀಚೆಗೆ ಬಸಾಲ್ಟಿನ ತೂತುಗಳ ಬಗ್ಗೆ ಬೇರೆ ಕಾರಣಕ್ಕೂ ಜನ ಮಾತಾಡುತ್ತಿದ್ದಾರೆ. ಐಸ್‌ಲ್ಯಾಂಡಿನಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿಗೆ ಇಳಿಸಿದರು. 2012ರಲ್ಲಿ ಇಳಿಸಿದ್ದರಲ್ಲಿ ಶೇ 95ಕ್ಕಿಂತ ಹೆಚ್ಚು ಎರಡೇ ವರ್ಷದೊಳಗೆ ಕಲ್ಲಾಯಿತು ಅಂತ 2016ರಲ್ಲಿ ವರದಿಯಾಯಿತು. ದಖ್ಖನ್ ಟ್ರ್ಯಾಪಿನಲ್ಲೂ ಮಾಡಬಹುದೇ ಎಂಬ ಚರ್ಚೆ ಇದೆ. ಅಲ್ಲಿಯೂ ಪ್ರಶ್ನೆ ಇದೇ: ತೂತು ಕೂಡಿಕೊಂಡಿದೆಯೇ, ಹೊಸ ಹರಳು ಬೆಳೆದು ಕುತ್ತಿಗೆ ಕಟ್ಟಿಬಿಡುತ್ತದೆಯೇ. ನಮ್ಮ ಬಾವಿ ದಂಡೆಯ ಬಿಳಿ ಹರಳಿನ ಕಲ್ಲುಗಳನ್ನು ನೋಡಿದರೆ ಇಲ್ಲಿ ಬಹಳಷ್ಟು ಕುತ್ತಿಗೆ ಪ್ರಕೃತಿಯೇ ಕಟ್ಟಿ ಮುಗಿಸಿದೆ. ನಮ್ಮ ಕಡೆ ಟ್ರ್ಯಾಪ್ ತೆಳು ಬೇರೆ. ಯಾರಾದರೂ ಬೀದರಿಗೆ ಅಂಥ ಯೋಜನೆ ತಂದರೆ ಈ ಎರಡು ಮಾತು ಮೊದಲು ಕೇಳಿ.

ಬೋರ್ ತೆಗೆಯುವ ಅಡ್ಡದಾರಿ

ಕಲ್ಲಿನ ರಚನೆ ನಾವು ಬದಲಿಸುವಂಥದ್ದಲ್ಲ. ಆದರೆ ಬೋರ್ ಹಾಕಿದಾಗ ಬದಲಿಸಿಯೇ ಇರುತ್ತೇವೆ. ಕೆಂಪು ಜೇಡಿಯ ಪಟ್ಟಿ ಮೇಲಿನ ಪದರದ ಕೊಳೆ ಕೆಳಗಿನ ಪದರಕ್ಕೆ ಇಳಿಯದಂತೆ ಲಕ್ಷಾಂತರ ವರ್ಷ ತಡೆದಿತ್ತು. ಬೋರ್ ಅದನ್ನು ಒಂದೇ ರಾತ್ರಿಯಲ್ಲಿ ತೂರಿ ಹೋಗುತ್ತದೆ. ಕೇಸಿಂಗ್ ಪೈಪ್ ಸಾಮಾನ್ಯವಾಗಿ ಮಣ್ಣು, ಮೊರಂ ಕುಸಿಯದಿರಲಿ ಅಂತ ಮೇಲಿನ ಭಾಗಕ್ಕೆ ಮಾತ್ರ. ಗಟ್ಟಿ ಕಲ್ಲು ಸಿಕ್ಕ ಕೂಡಲೇ ಪೈಪ್ ನಿಲ್ಲುತ್ತದೆ. ಅದರ ಕೆಳಗೆಲ್ಲ ಬರೀ ಕಲ್ಲಿನ ತೂತು. ಮೇಲಿನ ಪದರದ ನೈಟ್ರೇಟ್ ನೀರು ಆ ತೂತಿನ ಗೋಡೆಯಲ್ಲೇ ಇಳಿದು, ಕೆಳಗಿನ ಒಳ್ಳೆಯ ಬಿರುಕಿಗೆ ಸೇರಿ, ಅಲ್ಲಿಂದ ಗೋಡೆಗಳಿಗೆ ಹಬ್ಬಲು ಶುರುಮಾಡುತ್ತದೆ. ಒಣಗಿದ ಬೋರಿನ ಬಾಯಿ ಮುಚ್ಚದೆ ಬಿಟ್ಟರೂ ಇದೇ ಕತೆ, ಪಂಪ್ ಇಲ್ಲ ಅನ್ನುವುದೊಂದೇ ವ್ಯತ್ಯಾಸ.

ಕುಡಿಯುವ ನೀರಿನ ಬೋರಿಗಾದರೂ ಕೇಸಿಂಗನ್ನು ಮೇಲಿನ ತೂತುಪದರ ದಾಟಿಸಿ ಗಟ್ಟಿ ಕಲ್ಲಿನೊಳಗೆ ಇಳಿಸಬೇಕು, ಪೈಪಿನ ಹೊರಗಿನ ಸಂದಿಗೆ ಸಿಮೆಂಟ್ ಗಾರೆ ತುಂಬಬೇಕು. ಖರ್ಚು ಬರುತ್ತದೆ, ನಿಜ. ಶುದ್ಧ ನೀರಿನ ಘಟಕಕ್ಕೆ, ಅದರ ಫಿಲ್ಟರ್ ಬದಲಿಸಲು ಆಗುವ ಖರ್ಚಿನ ಜೊತೆ ಇಟ್ಟು ನೋಡಿದರೆ ಅಷ್ಟೇನೂ ಅಲ್ಲ. ಇನ್ನು ಆ ಆರ್‌ಒ ಘಟಕದಿಂದ ಹೊರಬೀಳುವ ನೀರಿನಲ್ಲಿ ನೈಟ್ರೇಟ್ ಮೂಲ ನೀರಿಗಿಂತ ಗಾಢವಾಗಿರುತ್ತದೆ. ಅದನ್ನು ಘಟಕದ ಹಿಂದಿನ ಇಂಗುಗುಂಡಿಗೇ ಬಿಟ್ಟರೆ ಸುತ್ತಿ ಬಂದು ಅದೇ ಬೋರಿಗೆ ಬೀಳುತ್ತದೆ. ಬೆಳೆಗೆ ಬಿಡಬಹುದು. ನೈಟ್ರೇಟ್ ಬೆಳೆಗೆ ಆಹಾರವೇ, ನೀರಿನ ಉಪ್ಪು ಮಿತಿಯಲ್ಲಿದ್ದರೆ ಸರಿ.

ಪರೀಕ್ಷೆ ಹೇಗೆ ಮಾಡಬೇಕು

ಜಲ ಜೀವನ್ ಮಿಷನ್ನಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ತರಬೇತಿ ಕೊಟ್ಟಿದ್ದಾರೆ. ಕಿಟ್ ಇದೆ, ಕೈ ಇದೆ. ಆದರೆ ಬರೆದಿಡುವುದು ಒಂದು ಅಂಕಿ ಮಾತ್ರ. ವರ್ಷಕ್ಕೊಂದು ಸಲ, ಯಾವಾಗ ಅನುಕೂಲವೋ ಆಗ. ನೈಟ್ರೇಟ್ ಬಂಡೆಯೊಳಗೆ ಕೂತಿರುವ ಊರಿನಲ್ಲಿ ಅಂಥ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅಕ್ಟೋಬರ್‌ನಲ್ಲಿ ತೆಗೆದ ಮಾದರಿ ಬಿರುಕಿನ ಹೊಸ ನೀರನ್ನು ತೋರಿಸುತ್ತದೆ, ಮೇ ತಿಂಗಳದ್ದು ಬಂಡೆಯ ಹಳೆಯ ನೀರನ್ನು. ಒಂದು ವರ್ಷ ಮೇ, ಮರುವರ್ಷ ಅಕ್ಟೋಬರ್ ಹಿಡಿದು "ಇಳಿಯಿತು" ಅಂತ ಬರೆದರೆ ಅದು ಸುಮ್ನೆ ಕಾಗದದ ಸಮಾಧಾನ.

ಎರಡೂ ತಿಂಗಳು ತೆಗೆಯಿರಿ. ಪಂಪ್ ಎಷ್ಟು ಹೊತ್ತಿನಿಂದ ನಡೆಯುತ್ತಿತ್ತು ಅಂತ ಪಕ್ಕದಲ್ಲಿ ಬರೆಯಿರಿ. ರಾತ್ರಿ ಇಡೀ ನಿಂತ ಬೋರಿನ ಮೊದಲ ಕೊಡಕ್ಕೂ ಎರಡು ತಾಸು ನಡೆದ ಮೇಲಿನ ಕೊಡಕ್ಕೂ ಅಂಕಿ ಬೇರೆ ಬಂದರೆ, ಬೇರೆ ಬೇರೆ ಪದರದ ನೀರು ಬೆರೆಯುತ್ತಿದೆ ಅಂತ ಸುಳಿವು. ಜೊತೆಗೆ ಕ್ಲೋರೈಡನ್ನೂ ಅಳೆಯಿರಿ. ಕ್ಲೋರೈಡನ್ನು ಬ್ಯಾಕ್ಟೀರಿಯಾ ತಿನ್ನುವುದಿಲ್ಲ, ಜೇಡಿ ಹಿಡಿಯುವುದಿಲ್ಲ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದರೆ ಮಳೆನೀರು ಬೆರೆತು ತೆಳುವಾಗಿದೆ ಅಷ್ಟೇ, ಬೇ‌ಸಿಗೆಗೆ ವಾಪಸು ಬರುತ್ತದೆ. ಕ್ಲೋರೈಡ್ ಇದ್ದಲ್ಲೇ ಇದ್ದು ನೈಟ್ರೇಟ್ ಒಂದೇ ಇಳಿದರೆ ಎಲ್ಲೋ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ, ಇಲ್ಲವೇ ಗೊಬ್ಬರದ ಮೂಲ ನಿಜಕ್ಕೂ ಕಡಿಮೆಯಾಗಿದೆ. ಮೇ ತಿಂಗಳ ಅಂಕಿ ವರ್ಷದಿಂದ ವರ್ಷಕ್ಕೆ ಒಂದೆರಡು ಮಿಲಿಗ್ರಾಂ ಇಳಿಯುತ್ತಿದ್ದರೂ ಕರಿಕಲ್ಲಿನ ಊರಿಗೆ ಅದು ಒಳ್ಳೆಯ ಸುದ್ದಿ. ಅಷ್ಟಕ್ಕೇ ಕೈಬಿಡಬಾರದು.

ಕಲ್ಲಿನ ಅಳತೆಯನ್ನೂ ಮಾಡಬಹುದು, ಅದು ಕಾಲೇಜಿನ ಪ್ರಯೋಗಾಲಯದಲ್ಲಿ ಆಗುವ ಕೆಲಸ. ಬಿಸ್ಕತ್ತಿನ ದಪ್ಪಕ್ಕೆ ಕಲ್ಲನ್ನು ಕೊಯ್ದು, ನೀರಲ್ಲಿ ನೆನೆಸಿ, ಎರಡು ಡಬ್ಬಿಗಳ ನಡುವೆ ಸೋರದಂತೆ ಕೂರಿಸುತ್ತಾರೆ. ಒಂದು ಡಬ್ಬಿಯಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಸ್ವಚ್ಛ ನೀರು, ಎರಡೂ ಒಂದೇ ಮಟ್ಟದಲ್ಲಿ. ಸ್ವಚ್ಛ ನೀರಿನ ಕಡೆ ಉಪ್ಪು ಎಷ್ಟು ದಿನಕ್ಕೆ, ಎಷ್ಟು ಬಂತು ಅಂತ ಅಳೆದರೆ ಆ ಕಲ್ಲಿನ ವಿಸರಣೆಯ ಅಂಕಿ ಸಿಗುತ್ತದೆ. ತೂತುಪದರದ ಒಂದು ಬಿಲ್ಲೆ, ಗಟ್ಟಿಪದರದ ಒಂದು, ಮೊರಂ ಆಗುತ್ತಿರುವ ಕಲ್ಲಿನ ಒಂದು, ಕೆಂಪು ಜೇಡಿಯ ಒಂದು. ತಾಲ್ಲೂಕಿಗೆ ಇಷ್ಟಾದರೂ ಇದ್ದರೆ ಯಾವ ಊರಿಗೆ ಎಷ್ಟು ವರ್ಷದ ಗಡುವು ಅಂತ ಅಂದಾಜು ಕಟ್ಟಬಹುದು. ಎಂ.ಎಸ್ಸಿ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ವಿಷಯ, ಖರ್ಚೂ ದೊಡ್ಡದಲ್ಲ.

ಅದಕ್ಕೆ ಬೇಕಾದ ಮಾಹಿತಿ ಊರಲ್ಲೇ ದಿನಾ ಹಾಳಾಗುತ್ತಿದೆ. ಬೋರ್ ಲಾರಿ ಕೆಲಸ ಮಾಡುವಾಗ ಮೇಲೆ ಹಾರುವ ಪುಡಿಯ ಬಣ್ಣ ಬದಲಾಗುತ್ತಾ ಹೋಗುತ್ತದೆ. ಮೊದಲು ಕಂದು, ಆಮೇಲೆ ಬಿಳಿ ಚೂರು ಬೆರೆತ ಬೂದಿ, ಆಮೇಲೆ ಕಡುಬೂದಿ, ನಡುವೆ ಎಲ್ಲೋ ಕೆಂಪು. ಹತ್ತು ಅಡಿಗೊಂದು ಹಿಡಿ ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಡಿ ಎಷ್ಟು ಅಂತ ಬರೆದಿಟ್ಟರೆ, ಯಾವ ಪದರದಲ್ಲಿ ನೀರು ಬಿತ್ತು, ಕೇಸಿಂಗ್ ಎಲ್ಲಿಯವರೆಗೆ ಇಳಿಯಬೇಕಿತ್ತು ಅನ್ನುವುದು ಆ ಚೀಲಗಳ ಸಾಲಿನಲ್ಲೇ ಇರುತ್ತದೆ. ಪಂಚಾಯಿತಿ ಹಣದಲ್ಲಿ ಹಾಕಿಸುವ ಬೋರಿಗಾದರೂ ಬಿಲ್ ಪಾಸ್ ಮಾಡುವ ಮೊದಲು ಈ ಚೀಲಗಳನ್ನು ಕೇಳುವ ಷರತ್ತು ಹಾಕಬಹುದು.